ಆಟದ ಮಾತೂ ಕನ್ನಡವೇ

ಕಳೆದ ನವೆಂಬರಿನ ಮಾತು. ನಮ್ಮ ಕಾಲೇಜಿನ ರಾಜ್ಯೋತ್ಸವದ ಕಾರ್ಯಕ್ರಮಗಳನ್ನು ಗೊತ್ತುಮಾಡಲು ಅಧ್ಯಾಪಕರು ನಾಲ್ವರು ಸೇರಿದ್ದೆವು. ರಾಯಲ್ಪಾಡಿನಿಂದ ಬಸ್ಸಿನಲ್ಲಿ ಬರುವ ಮೂವರು ಹುಡುಗರು ಒಂದು ಅರ್ಜಿ ಕೊಟ್ಟಿದ್ದರು. ತಾವು ಗೆಳೆಯರು ವಾರಕ್ಕೊಮ್ಮೆ ಕೂತು ವಿಡಿಯೊ ಗೇಮುಗಳನ್ನು ಕುರಿತು ಹರಟೆ ಹೊಡೆದು, ಅದನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳುವವರಿಗೆ ಹಂಚುವುದುಂಟು. ಅದಕ್ಕೆ ಪಾಡ್‌ಕಾಸ್ಟ್ ಎಂದು ಹೆಸರು. ಅಂಥದೊಂದು ಹರಟೆಗೆ ವೇದಿಕೆಯ ಮೇಲೆ ಹತ್ತು ನಿಮಿಷ ಬೇಕು. ಇಷ್ಟೇ ಅವರ ಬೇಡಿಕೆ. ಹಿರಿಯ ಮಿತ್ರರೊಬ್ಬರು ಆ ಕಾಗದವನ್ನು ಬೆರಳ ತುದಿಯಲ್ಲಿ ಎತ್ತಿ, “ತಾಯಿ ಭುವನೇಶ್ವರಿಯ ಹಬ್ಬದ ದಿನ ಈ ಪೋಲಿ ಮಾತೇ?” ಎಂದರು. ಅರ್ಜಿ ಅಲ್ಲಿಗೆ ಮುಗಿಯಿತು. ನಾನೂ ಸುಮ್ಮನಿದ್ದೆ. ಆ ಮೌನದ ಪ್ರಾಯಶ್ಚಿತ್ತವೇ ಈ ಬರಹ.

ಅಂದು ರಾತ್ರಿ ಆ ಹುಡುಗರ ಹರಟೆಯನ್ನು ತರಿಸಿಕೊಂಡು ಕೇಳಿದೆ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕಿ, ಕೊನೆಗೆ ಉಳಿದವರು ಗೆಲ್ಲುವ ಆಟವೊಂದಿದೆ. ಆಡುತ್ತಾಡುತ್ತ ಸುರಕ್ಷಿತ ಜಾಗದ ಸುತ್ತಳತೆ ಕುಗ್ಗುತ್ತ ಬರುತ್ತದೆ. ಅದನ್ನು ಈ ಹುಡುಗರು ‘ದೊಡ್ಡಿ’ ಎನ್ನುತ್ತಾರೆ. ಪೊದೆಯಲ್ಲಿ ಅಡಗಿ ಕೂತು, ಬಂದವರನ್ನು ಹೊಡೆಯುವವನು ಅವರ ಬಾಯಲ್ಲಿ ‘ತೋಪಿನ ಕಾವಲುಗಾರ’. ಶ್ರೀನಿವಾಸಪುರದ ಮಾವಿನ ಸೀಮೆಯಲ್ಲಿ ಬೆಳೆದವರಿಗಲ್ಲದೆ ಇನ್ನಾರಿಗೆ ಹೊಳೆದೀತು ಈ ಮಾತು? ಪಾರಿಭಾಷಿಕ ಪದಗಳಿಗಾಗಿ ಸಮಿತಿ ಕೂಡಿಸುವ ನಾವು, ಕಾಸಿಲ್ಲದೆ ಸಿಕ್ಕಿದ ಈ ಪದಗಳನ್ನು ಪೋಲಿ ಎಂದು ತಳ್ಳಿಬಿಟ್ಟೆವು!

ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ. ಇದು ಜೂಜು ಎಂಬುದು ಮೊದಲನೆಯದು. ಹಣ ಕಟ್ಟಿ ಆಡುವ ಆಟ ಬೇರೆ, ಇದು ಬೇರೆ. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಒಪ್ಪಿದ ಕಾನೂನೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಮಾನ್ಯಮಾಡಿತು. ಕಾನೂನಿಗೆ ಕಂಡ ಭೇದ ಕನ್ನಡ ಪಂಡಿತರಿಗೆ ಕಾಣಬಾರದೆ? ಇರುಳೆಲ್ಲ ಆಡಿ ಬೆಳಗಿನ ತರಗತಿಯಲ್ಲಿ ತೂಕಡಿಸುವವರಿದ್ದಾರೆ, ಒಪ್ಪಿದೆ. ಆದರೆ ಆಟದ ಗೀಳಿಗೆ ಮದ್ದು ಆಟದ ವಿಷಯ ಮಾತನಾಡಗೊಡದಿರುವುದಲ್ಲ. ಆಡಿದ್ದನ್ನು ಕುರಿತು ನಾಲ್ವರೆದುರು ಮಾತನಾಡುವವನು ಆಟದಿಂದ ಒಂದು ಹೆಜ್ಜೆ ಹಿಂದೆ ನಿಂತು ನೋಡಲೇಬೇಕಾಗುತ್ತದೆ.

ಎರಡನೆಯದು, ಅವರ ಭಾಷೆ ಕಲಬೆರಕೆ. ನಿಜ. “ಹಿಂದೆ ನೋಡ್ರಾ” ಎನ್ನುತ್ತಾರೆ, ‘ರಾ’ ತೆಲುಗಿನದು. ಆಂಧ್ರದ ಗಡಿಗೆ ಅಂಟಿಕೊಂಡ ಹೋಬಳಿಯಲ್ಲಿ, ಮನೆಯಲ್ಲಿ ತೆಲುಗಾಡುವ ಮಕ್ಕಳು ಹುರುಪಿನಿಂದ ಕನ್ನಡದಲ್ಲಿ ಹರಟುತ್ತಾರೆಂದರೆ ಅದು ಹಿಗ್ಗುವ ಸಂಗತಿಯೋ, ಮೂಗು ಮುರಿಯುವ ಸಂಗತಿಯೋ? ಇದೇ ಜಿಲ್ಲೆಯ ಮಾಸ್ತಿಯವರ ಮನೆಮಾತು ತಮಿಳು. ಇಂಗ್ಲಿಷ್ ಬೆರೆತ ಸಂಭಾಷಣೆಯನ್ನು ರಂಗಕ್ಕೆ ತಂದ ಕೈಲಾಸಂ ನಮಗೆ ಪ್ರಹಸನ ಪಿತಾಮಹರು. ಅವರಿಗೆ ಸಲ್ಲುವುದು ಈ ಬಡಪಾಯಿಗಳಿಗೆ ಸಲ್ಲದೆ?

ಮೂರನೆಯದು, ಇದು ಗಂಭೀರ ವಿಷಯವಲ್ಲ ಎಂಬುದು. ಇದನ್ನು ಕೇಳಿದಾಗ ನನಗೆ ನಗು ಬರುತ್ತದೆ. ದುರ್ಯೋಧನನನ್ನು ಬಿಟ್ಟು ಬರಲಾರೆನೆಂದು ಹೇಳುವ ಪಂಪನ ಕರ್ಣ, ತಮ್ಮ ಸ್ನೇಹಕ್ಕೆ ಸಾಕ್ಷಿಯಾಗಿ ನೆನೆಯುವುದು ಯಾವುದನ್ನು? ನೆತ್ತದಾಟವನ್ನು. ಭಾನುಮತಿ ಸೋತದ್ದು, ಪಣಕ್ಕಾಗಿ ಕಾಡುವಾಗ ಹಾರ ಹರಿದು ಮುತ್ತು ಚೆಲ್ಲಿದ್ದು, ಒಡೆಯ ಎಳ್ಳಷ್ಟೂ ಶಂಕಿಸದೆ ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದ್ದು: ಇದನ್ನು ಪ್ರತಿ ವರ್ಷ ಗದ್ಗದರಾಗಿ ಪಾಠ ಹೇಳುತ್ತೇವೆ. ಸಾವಿರ ವರ್ಷದ ಹಿಂದಿನ ಆಟದ ಮಾತು ಕಾವ್ಯವಾದರೆ, ರಾಯಲ್ಪಾಡಿನ ಗೆಳೆಯರ ಆಟದ ಮಾತಿಗೆ ಹತ್ತು ನಿಮಿಷವೂ ಇಲ್ಲವೆ?

ಗೆಳೆಯರ ಹರಟೆಯನ್ನು ಯಂತ್ರದ ಮೂಲಕ ಊರಿಗೆ ಕೇಳಿಸುವುದೂ ನಮಗೆ ಹೊಸತಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 30 ವಾಟ್ಟಿನ ಯಂತ್ರವಿಟ್ಟುಕೊಂಡು ತಮ್ಮ ಮನೆಯಿಂದಲೇ ಬಾನುಲಿ ನಡೆಸಿದರು. ಆ ಹವ್ಯಾಸದ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು: ಆಕಾಶವಾಣಿ. ನಮ್ಮ ಕಾಲದಲ್ಲಿ, 2018ರಲ್ಲಿ, ಬೆಂಗಳೂರಿನ ಗೆಳೆಯರು ಆರಂಭಿಸಿದ ಕನ್ನಡ ಪಾಡ್‌ಕಾಸ್ಟಿನ ಹೆಸರು ‘ತಲೆ-ಹರಟೆ’. ಬೈಗುಳವನ್ನೇ ಬಿರುದಾಗಿ ಧರಿಸಿದ ಅವರ ಧೈರ್ಯ ಮೆಚ್ಚತಕ್ಕದ್ದು.

ಭಾಷೆಯೊಂದು ವೇದಿಕೆಯ ಮೇಲೆ ಸಾಯುವುದಿಲ್ಲ. ಅಲ್ಲಿ ಅದಕ್ಕೆ ಹಾರ ತುರಾಯಿಗಳ ಕೊರತೆಯಿಲ್ಲ. ಅದು ಸಾಯುವುದು ಆಟದಲ್ಲಿ, ಜಗಳದಲ್ಲಿ, ನಗೆಯಲ್ಲಿ. ನಾವು ಕನ್ನಡವನ್ನು ಮಡಿಯುಡಿಸಿ ದೇವರ ಕೋಣೆಯಲ್ಲಿ ಕೂರಿಸಿದರೆ, ಮಕ್ಕಳು ಅಂಗಳದಲ್ಲಿ ಬೇರೆ ಭಾಷೆಯಲ್ಲಿ ಆಡಿಕೊಳ್ಳುತ್ತಾರೆ. ಇದು ನನ್ನ ಊಹೆಯಲ್ಲ. ಅರ್ಜಿ ತಿರಸ್ಕೃತವಾದ ವಾರ ಆ ಹುಡುಗರಲ್ಲಿ ಒಬ್ಬ ನನ್ನನ್ನು ಕಾರಿಡಾರಿನಲ್ಲಿ ಕಂಡು ಹೇಳಿದ: “ಇನ್ಮೇಲೆ ಇಂಗ್ಲಿಷಲ್ಲೇ ಮಾಡ್ತೀವಿ ಸಾರ್. ಅದರಲ್ಲಿ ತಪ್ಪು ಮಾತಾಡಿದ್ರೂ ಯಾರೂ ಬೈಯಲ್ಲ.”

ಕನ್ನಡದ ಎಂ.ಎ. ಪದವಿ ಪಡೆದು, ಕನ್ನಡದ ಅನ್ನ ಉಣ್ಣುವ ನಾನು ಈ ಮಾತಿಗೆ ಉತ್ತರ ಕೊಡಲಾರದೆ ನಿಂತೆ. ಈ ನವೆಂಬರಿನಲ್ಲಿ ಆ ಅರ್ಜಿಯನ್ನು ನಾನೇ ಬರೆದು ಮೇಜಿನ ಮೇಲಿಡುವೆ. ಹುಡುಗರು ಅಷ್ಟರೊಳಗೆ ಕನ್ನಡಕ್ಕೆ ಮರಳಿ ಬಂದಿದ್ದರೆ ಅದು ಅವರ ದೊಡ್ಡತನ, ನಮ್ಮದಲ್ಲ.