ಹುದುಗಿನಿಂದ ಕಲಿತ ಪಾಠ

ರೋಣದ ವಾಚಕಿಯೊಬ್ಬರು ಕೇಳಿರುವರು: “ನಮ್ಮ ಅತ್ತಿಗೆಯವರಿಗೆ ಕ್ಯಾನ್ಸರಿನ ಮದ್ದು ನಡೆದಿದೆ. ರೋಗವನ್ನು ಕೊಲ್ಲತಕ್ಕ ಮದ್ದು ಕೂದಲನ್ನೇಕೆ ಉದುರಿಸಬೇಕು?”

ಉತ್ತರವನ್ನು ಬ್ರೆಡ್ಡನ್ನು ಉಬ್ಬಿಸುವ ಯೀಸ್ಟಿನಲ್ಲಿ ನೋಡೋಣ. ಈ ಏಕಕೋಶಜೀವಿಯಲ್ಲಿಯೂ ನಮ್ಮಲ್ಲಿರುವಂತೆಯೇ ಡಿ.ಎನ್.ಎ. ಎಂಬ ಎರಡೆಳೆಯ ನೂಲುಂಟು. ಹುರಿ ಮಿತಿಮೀರಿದರೆ ನೂಲು ತೊಡಕಾಗುವುದೆಂಬುದನ್ನು ಗಜೇಂದ್ರಗಡದ ನೇಕಾರರು ಬಲ್ಲರು. ನಾವು ಸಂಸ್ಕೃತ ಕಲಿತಾಗ ಕಿಣ್ವವೆಂದರೆ ಸುರೆಯ ಹುದುಗು; ಇಂದು ಆ ಶಬ್ದವು ಕೋಶದೊಳಗೆ ಕೆಲಸ ನಡೆಯಿಸುವ ದ್ರವ್ಯಗಳಿಗೆ ಸಂದಿದೆ. ಅಂಥದೊಂದು ಕಿಣ್ವವು ಒಂದೆಳೆಯನ್ನು ಕಡಿದು, ಹುರಿ ಸಡಿಲಿಸಿ, ಮರಳಿ ಕೂಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಎಂಬ ದ್ರವ್ಯವು ಅದನ್ನು ಕೂಡಿಸಗೊಡದು. ಕೋಶವು ಇಬ್ಭಾಗವಾಗುವ ಮುನ್ನ ನೂಲಿನ ಪ್ರತಿ ಸಿದ್ಧವಾಗಬೇಕಷ್ಟೆ; ಆ ಕೆಲಸವು ಕಡಿದ ಎಡೆಗೆ ಬಂದೊಡನೆ ನೂಲೇ ಹರಿಯುವುದು.

1988ರಲ್ಲಿ ಆ ಕಿಣ್ವವಿಲ್ಲದ ಯೀಸ್ಟಿಗೆ ಮದ್ದು ನಾಟಲಿಲ್ಲ. ಗುರಿ ಯಾವುದೆಂಬುದು ಸ್ಪಷ್ಟವಾಯಿತು. ಅದೇ ವರ್ಷ ವೈನರ್ಟ್ ಮತ್ತು ಹಾರ್ಟ್‌ವೆಲ್ ಇನ್ನೊಂದನ್ನು ತೋರಿಸಿದರು: ಕ್ಷಕಿರಣದಿಂದ ನೂಲು ಕೆಟ್ಟ ಯೀಸ್ಟು ವಿಭಜನೆಯನ್ನು ತಡೆದು ದುರಸ್ತಿ ಮಾಡಿಕೊಳ್ಳುವುದು, ರಾಡ್-9 ಎಂಬ ಜೀನಿಲ್ಲದ್ದು ತಾಳ್ಮೆಗೆಟ್ಟು ಮುನ್ನುಗ್ಗಿ ಸಾಯುವುದು.

ಅನೇಕ ಕ್ಯಾನ್ಸರ್ ಕೋಶಗಳೂ ಇಂಥ ತಾಳ್ಮೆಗೆಟ್ಟವೇ. ಆದರೆ ಕೂದಲಿನ ಬುಡದಲ್ಲಿಯೂ ಎಲುಬಿನ ಮಜ್ಜೆಯಲ್ಲಿಯೂ ಕೋಶಗಳು ಬೇಗಬೇಗನೆ ಒಡೆದು ಬೆಳೆಯುವುದರಿಂದ ಅವಕ್ಕೂ ಪೆಟ್ಟು ತಗಲುವುದು. ಮದ್ದು ಮುಗಿದ ಬಳಿಕ ಕೂದಲು ಸಾಮಾನ್ಯವಾಗಿ ಮರಳುವುದು. ಮಜ್ಜೆ ಸೊರಗಿದಾಗಲಾದರೋ ಜ್ವರವನ್ನು ಉಪೇಕ್ಷಿಸಲಾಗದು. ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು.

ಈ ದ್ರವ್ಯವು ಸಹ್ಯಾದ್ರಿಯ ‘ನರಕ್ಯಾ’ ಮರದಲ್ಲಿಯೂ ಉಂಟೆಂದು 1972ರಲ್ಲಿ ತಿಳಿಯಿತು. ಹಾಗೆಂದು ಅದರ ತೊಗಟೆಯ ಕಷಾಯವನ್ನು ಯಾರೂ ಕುಡಿಸಬಾರದು. ಶುದ್ಧ ದ್ರವ್ಯವೇ ಮೊದಲ ಪ್ರಯೋಗಗಳಲ್ಲಿ ರೋಗಿಗಳಿಗೆ ವಿಷಕರವಾಗಿತ್ತು. 1996ರಲ್ಲಿ ಅಮೆರಿಕೆಯಲ್ಲಿ ಸಮ್ಮತಿ ಪಡೆದವು ಅದರ ಪರಿಷ್ಕೃತ ರೂಪಗಳು. ತಾಯಿ, ಅತ್ತಿಗೆಯವರಿಗೆ ಧೈರ್ಯ ಹೇಳಿರಿ.