ಹಳೆಯ ಪೆಟ್ಟಿಗೆ, ಹೊಸ ನುಡಿ

ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳ ಕಡೆ ಬೆನ್ನು ಉಬ್ಬಿದ ಹಳೆಯ ಟಿ.ವಿ.ಗಳು ಕೆಲವು ಮನೆಗಳಲ್ಲಿ ಇನ್ನೂ ಸುಸ್ಥಿತಿಯಲ್ಲಿವೆ. ಹೊಸ ವಿಡಿಯೋ ಪ್ಲೇಯರನ್ನು ಅವಕ್ಕೆ ಜೋಡಿಸುವ ಬಗೆಯನ್ನು ಅಂಗಡಿಯಲ್ಲಿ ಕೇಳಿದರೆ ‘ಟಿ.ವಿ.ಯನ್ನೇ ಬದಲಿಸಿರಿ’ ಎನ್ನುವರು. ಈ ಮಾತನ್ನು ನಾನು ಒಪ್ಪಲಾರೆ. ಕೆಡದ ಪೆಟ್ಟಿಗೆಯನ್ನು ತಿಪ್ಪೆಗೆಸೆದರೆ ಅದರ ಗಾಜಿನೊಳಗಿನ ಸೀಸ ಸೇರುವುದು ನಮ್ಮ ಮಣ್ಣಿಗೇ.

ಹೊಸ ಯಂತ್ರಕ್ಕೆ ಸಾಮಾನ್ಯವಾಗಿ ಎಚ್‌ಡಿಎಂಐ ಎಂಬ ಒಂದೇ ಕಿಂಡಿ. ಅದರ ನುಡಿ ಅಂಕೆಗಳದು. ಹಳೆಯದಾದರೋ ಹಳದಿ ತಂತಿಯಲ್ಲಿ ಚಿತ್ರವನ್ನೂ, ಬಿಳಿ, ಕೆಂಪು ತಂತಿಗಳಲ್ಲಿ ಧ್ವನಿಯನ್ನೂ ವಿದ್ಯುತ್ತಿನ ಅಲೆಗಳಾಗಿ ಬಯಸುತ್ತದೆ. ಪಂಪನಿಗೂ ಇಂದಿನ ವಿದ್ಯಾರ್ಥಿಗೂ ನಡುವೆ ಟೀಕಾಕಾರನಿರುವಂತೆ ಇಲ್ಲಿಯೂ ಪರಿವರ್ತಕವೆಂಬ ಪುಟ್ಟ ಡಬ್ಬಿಯೊಂದು ಬೇಕು. 5 ವೋಲ್ಟ್ ವಿದ್ಯುತ್ತು ಅದಕ್ಕೆ ಸಾಕು. ಬರಿಯ ತಂತಿ ನಿಷ್ಪ್ರಯೋಜಕ. ತಂತಿಗೆ ಅನುವಾದ ಬಾರದು. ಕೊಳ್ಳುವಾಗ ‘ಎಚ್‌ಡಿಎಂಐನಿಂದ ಎ.ವಿ.ಗೆ’ ಎಂದಿರುವುದನ್ನೇ ಕೇಳಬೇಕು; ತದ್ವಿರುದ್ಧವಾದುದೂ ಅದೇ ರೂಪದಲ್ಲಿ ಮಾರಾಟಕ್ಕಿದೆ. ಅದರ ಗುಂಡಿ ‘ಪಾಲ್’ ಕಡೆಗಿರಲಿ.

ಕೊರತೆಯನ್ನು ಮುಚ್ಚಿಡಲಾರೆ. ಪಾಲ್ ಪದ್ಧತಿಯ 625 ಗೆರೆಗಳಲ್ಲಿ ಚಿತ್ರಕ್ಕೆ ದೊರೆಯುವುದು 576 ಮಾತ್ರ. ಸಣ್ಣ ಕನ್ನಡ ಅಡಿಬರಹ ಬಂದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಕನ್ನಡದ ಮೇಷ್ಟ್ರಿಗೆ ಇದು ಸಣ್ಣ ಸಂಕಟವಲ್ಲ! ಆದರೆ ಬಯಲಾಟವನ್ನೋ ಹಳೆಯ ಚಲಚ್ಚಿತ್ರವನ್ನೋ ನೋಡಿ ಕೇಳುವುದಕ್ಕೆ ಅದೇನು ಅಡ್ಡಿ? ಹೊಸ ಪ್ಲೇಯರಿನಲ್ಲಿಯೂ ಆ ಮೂರು ಕಿಂಡಿಗಳನ್ನು ಉಳಿಸಿದ್ದರೆ ತಯಾರಕರಿಗೆ ಆಗುತ್ತಿದ್ದ ನಷ್ಟವಾದರೂ ಎಷ್ಟು?