ಬಾಗಿಲ ಹಿಡಿಕೆ ದಾರಿಹೋಕನ ಕೈಗೂ ಸಿಗಲಿ

ಕಾರಿನ ಹೊರಗಿನ ಹಿಡಿಕೆ ಯಾರಿಗಾಗಿ ಇದೆ? ಮಾಲೀಕನಿಗಾಗಿ ಎಂದೇ ಕಾರು ಮಾರುವವರೂ ಕೊಳ್ಳುವವರೂ ತಿಳಿದಿದ್ದಾರೆ. ಮಾಲೀಕನ ಜೇಬಿನಲ್ಲಿ ಕೀ ಇರುತ್ತದೆ. ಅವನು ಹತ್ತಿರ ಬಂದರೆ ಸಾಕು, ಹೊಸ ಕಾರುಗಳ ಹಿಡಿಕೆ ತಾನಾಗಿ ಹೊರಗೆ ಬರುತ್ತದೆ. ಕಾರು ಹೊರಟೊಡನೆ ಒಳಗೆ ಸರಿದು ಬಾಗಿಲಿನ ತಗಡಿಗೆ ಸಮನಾಗಿ ಕೂರುತ್ತದೆ. ನೋಡಲು ಸೊಗಸು, ಅಲ್ಲವೆನ್ನುವುದಿಲ್ಲ. ಆದರೆ ಕಾರು ಪಲ್ಟಿಯಾಗಿ ಒಳಗಿದ್ದವರಿಗೆ ಪ್ರಜ್ಞೆ ತಪ್ಪಿದ ಹೊತ್ತಿನಲ್ಲಿ ಆ ಬಾಗಿಲಿಗೆ ಕೈ ಹಾಕುವವನು ಮಾಲೀಕನಲ್ಲ. ದಾಬಸ್‌ಪೇಟೆ ಕಡೆಯ ಪಂಕ್ಚರ್ ಅಂಗಡಿಯವನು, ಹೊಸಕೋಟೆಗೆ ತರಕಾರಿ ತರುವ ಟೆಂಪೊ ಚಾಲಕ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಿಂದ ಪಾಳಿ ಮುಗಿಸಿ ಹೊರಟ ಹೆಣ್ಣುಮಗಳು. ಇವರಲ್ಲಿ ಯಾರ ಹತ್ತಿರವೂ ಆ ಕಾರಿನ ಕೀ ಇರುವುದಿಲ್ಲ, ಅದರ ಕೈಪಿಡಿಯನ್ನು ಯಾರೂ ಓದಿರುವುದಿಲ್ಲ. ಅವರಿಗೆ ಬೇಕಾದದ್ದು ಬೆರಳು ತೂರಿಸಿ ಎಳೆಯಲು ಒಂದು ಹಿಡಿಕೆ. ಅದನ್ನು ಅವರಿಂದ ಮರೆಮಾಡುವ ಹಕ್ಕು ಯಾವ ಕಂಪನಿಗೂ ಇಲ್ಲ. ಕರೆಂಟು ಹೋದರೆ ಹೊರಬರದ ಹಿಡಿಕೆಯನ್ನು ನಮ್ಮ ದೇಶದಲ್ಲಿ ನಿಷೇಧಿಸಬೇಕು.

ಈ ಮಾತನ್ನು ಚೀನಾ ಈಗಾಗಲೇ ಆಡಿ ಮುಗಿಸಿದೆ. ಜಗತ್ತಿನಲ್ಲೇ ಅತಿ ಹೆಚ್ಚು ವಿದ್ಯುತ್ ಕಾರು ತಯಾರಿಸುವ ದೇಶ ಅದು, ಇಂಥ ಹಿಡಿಕೆಗಳು ಎಲ್ಲೆಡೆಗಿಂತ ಹೆಚ್ಚು ಹಬ್ಬಿರುವುದೂ ಅಲ್ಲೇ. 2026ರ ಫೆಬ್ರುವರಿಯಲ್ಲಿ ಅಲ್ಲಿನ ಕೈಗಾರಿಕಾ ಸಚಿವಾಲಯ ಹೊರಡಿಸಿದ ನಿಯಮದ ಪ್ರಕಾರ, 2027ರ ಜನವರಿ 1ರಿಂದ ಬರುವ ಹೊಸ ಮಾದರಿಗಳ ಪ್ರತಿ ಬಾಗಿಲನ್ನೂ ಒಳಗಿನಿಂದಲೂ ಹೊರಗಿನಿಂದಲೂ ಕರೆಂಟಿನ ನೆರವಿಲ್ಲದೆ ತೆರೆಯಲು ಆಗಬೇಕು. ಕೈ ಹಾಕಲು ಹೊರಗೆ ಕನಿಷ್ಠ 6 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ, 2.5 ಸೆಂ.ಮೀ. ಆಳದ ಜಾಗ ಇರಬೇಕು. ಈಗಾಗಲೇ ಒಪ್ಪಿಗೆ ಪಡೆದ ಮಾದರಿಗಳು ಬದಲಾಗಲು 2029ರ ಜನವರಿಯವರೆಗೆ ಗಡುವಿದೆ.

ಆ ನಿಯಮದ ಹಿಂದೆ ಸಾವುಗಳಿವೆ. 2025ರ ಮಾರ್ಚ್ 29ರಂದು ಆನ್‌ಹುಯಿ ಪ್ರಾಂತ್ಯದ ಎಕ್ಸ್‌ಪ್ರೆಸ್‌ವೇಯಲ್ಲಿ ಶಿಯೋಮಿ ಕಂಪನಿಯ ಎಸ್‌ಯು7 ಕಾರು ಡಿಕ್ಕಿಯಾಗಿ ಹೊತ್ತಿ ಉರಿಯಿತು. ಒಳಗಿದ್ದ ಮೂವರು ವಿದ್ಯಾರ್ಥಿನಿಯರೂ ಸತ್ತರು. ಬಾಗಿಲು ತೆರೆಯಿತೇ ಇಲ್ಲವೇ ಎಂಬ ಪ್ರಶ್ನೆ ಆಗಲೇ ಎದ್ದಿತು. ಅದೇ ವರ್ಷದ ಅಕ್ಟೋಬರ್ 13ರಂದು ಚೆಂಗ್ಡು ನಗರದಲ್ಲಿ ಅದೇ ಕಂಪನಿಯ ಇನ್ನೊಂದು ಕಾರಿಗೆ ಬೆಂಕಿ ಬಿದ್ದಾಗ ದಾರಿಹೋಕರು ಓಡಿಬಂದು ಬಾಗಿಲು ಎಳೆಯಲು ನೋಡಿದರು, ಗಾಜಿಗೆ ಗುದ್ದಿದರು, ಒದ್ದರು. ಬಾಗಿಲು ತೆರೆಯಲಿಲ್ಲ, ಚಾಲಕ ಒಳಗೇ ಸತ್ತ. ಆ ದೃಶ್ಯವನ್ನು ಲಕ್ಷಾಂತರ ಜನ ಮೊಬೈಲಿನಲ್ಲಿ ನೋಡಿದರು. ಚಾಲಕ ಕುಡಿದಿದ್ದ ಎಂಬ ಶಂಕೆಯೂ ಇತ್ತು. ಇದ್ದರೂ, ಕುಡಿದವನನ್ನು ಕಾರಿನಿಂದ ಹೊರಗೆಳೆಯಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ.

ಅಪಘಾತವೇ ಆಗಬೇಕೆಂದಿಲ್ಲ. ಇಂಥ ಹಿಡಿಕೆಗೆ ಜಗತ್ತಿನಲ್ಲಿ ಹೆಸರು ತಂದದ್ದು 2012ರಲ್ಲಿ ಬಂದ ಟೆಸ್ಲಾದ ಮಾಡೆಲ್ ಎಸ್. ಅದೇ ಕಂಪನಿಯ ಮಾಡೆಲ್ ವೈ ಕಾರಿನ 2021ರ ಮಾದರಿಯ ಸುಮಾರು 1.74 ಲಕ್ಷ ವಾಹನಗಳ ಮೇಲೆ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ತನಿಖೆ ಆರಂಭಿಸಿತು. ತಂದೆ ತಾಯಿ ಕಾರಿನಿಂದ ಇಳಿದಿದ್ದಾರೆ, ಮಗು ಹಿಂದಿನ ಸೀಟಿನಲ್ಲೇ ಇದೆ, ಹೊರಗಿನಿಂದ ಬಾಗಿಲು ತೆರೆಯುತ್ತಿಲ್ಲ. ಬಂದ ದೂರುಗಳಲ್ಲಿ ಹೆಚ್ಚಿನವು ಇಂಥವೇ. ಕೆಲವರು ಗಾಜು ಒಡೆದು ಮಗುವನ್ನು ಹೊರಗೆ ತೆಗೆದರು. ಬೀಗಕ್ಕೆ ಬರಬೇಕಾದಷ್ಟು ಕರೆಂಟು ಬಾರದ್ದೇ ಕಾರಣ ಇರಬೇಕೆಂಬುದು ತನಿಖೆಯ ಆರಂಭದ ಗುಮಾನಿ.

ವಿದ್ಯುತ್ ಕಾರೆಂದರೆ ದೊಡ್ಡ ಬ್ಯಾಟರಿ ಎಂದಷ್ಟೇ ನಾವು ಯೋಚಿಸುತ್ತೇವೆ. ಆದರೆ ಬಾಗಿಲು, ದೀಪ, ಬೀಗ ಇವೆಲ್ಲ ನಡೆಯುವುದು ಹಳೆಯ ಕಾರುಗಳಲ್ಲಿರುವಂಥದೇ 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ. ಮುಂದಿನಿಂದ ಗುದ್ದಿದರೆ ಮೊದಲು ಜಖಂ ಆಗುವ ಸಾಮಾನುಗಳಲ್ಲಿ ಅದೂ, ಅದರ ವೈರುಗಳೂ ಸೇರಿವೆ. ಹಿಡಿಕೆಯ ಹಿಂದೆ ಒಂದು ಪುಟ್ಟ ಮೋಟಾರು, ಹಲ್ಲಿನ ಚಕ್ರ, ಸೆನ್ಸರ್ ಇರುತ್ತವೆ. ಬಾಗಿಲಿನ ತಗಡು ಸ್ವಲ್ಪ ನುಗ್ಗಾದರೂ ಹಿಡಿಕೆ ತನ್ನ ಗೂಡಿನಲ್ಲೇ ಸಿಕ್ಕಿಕೊಳ್ಳಬಹುದು. ಹಳೆಯ ಹಿಡಿಕೆಯಲ್ಲಿ ಇದ್ದದ್ದು ಒಂದು ಕೇಬಲ್ಲೋ ಸರಳೋ ಅಷ್ಟೆ. ಬಾಗಿಲು ಸೊಟ್ಟಗಾಗಿದ್ದರೂ ಇಬ್ಬರು ಸೇರಿ ಜಗ್ಗಲು ಅದು ಹಿಡಿತ ಕೊಡುತ್ತಿತ್ತು. ಈ ಕೊನೆಯ ಮಾತನ್ನು ಕಾರಿನ ವಿನ್ಯಾಸಕಾರರು ಮರೆತಿದ್ದಾರೆ. ಅಪಘಾತದ ಜಾಗದಲ್ಲಿ ಹಿಡಿಕೆ ಬಾಗಿಲು ತೆರೆಯುವ ಗುಂಡಿ ಮಾತ್ರವಲ್ಲ, ಮೈಯ ಭಾರವನ್ನೆಲ್ಲ ಹಾಕಿ ಎಳೆಯಲು ಇರುವ ಏಕೈಕ ಆಸರೆ.

ಗಾಜು ಒಡೆದರಾಯಿತು ಎನ್ನುವವರಿದ್ದಾರೆ. ಸದ್ದು ತಡೆಯಲೆಂದು ದುಬಾರಿ ಕಾರುಗಳ ಪಕ್ಕದ ಕಿಟಕಿಗೂ ಈಗ ಎರಡು ಪದರದ, ನಡುವೆ ಪ್ಲಾಸ್ಟಿಕ್ ಹಾಳೆ ಇರುವ ಗಾಜು ಹಾಕುತ್ತಿದ್ದಾರೆ. ಕಲ್ಲಿನಿಂದ ಹೊಡೆದರೆ ಅದು ಬಿರುಕು ಬಿಡುತ್ತದೆ, ಪುಡಿಯಾಗಿ ಉದುರುವುದಿಲ್ಲ.

ಇದು ಚೀನಾದ ಕಥೆ, ನಮಗೇಕೆ ಎನ್ನುವಂತಿಲ್ಲ. 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಬಂದಾಗ ಅದರ ಮೇಲ್ದರ್ಜೆಯ ಮಾದರಿಗಳ ಹಿಡಿಕೆಯೇ ಜಾಹೀರಾತಿನ ವಸ್ತುವಾಗಿತ್ತು. ಆಮೇಲೆ ಟಾಟಾ ಕರ್ವ್, ಎಂಜಿ ವಿಂಡ್ಸರ್, ಮಹೀಂದ್ರಾ ಬಿಇ 6 ಮತ್ತು ಎಕ್ಸ್‌ಇವಿ 9ಇ ಸಾಲುಗಟ್ಟಿದವು. ದೇವನಹಳ್ಳಿಯಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಗಡಿ ದಾಟಿದ ಮೇಲೆ ಸಿಗುವ ಪೆನುಕೊಂಡದ ಕಿಯಾ ಕಾರ್ಖಾನೆಯಲ್ಲಿ ತಯಾರಾಗುವ ಸೈರೋಸ್‌ಗೂ ತಗಡಿಗೆ ಸಮನಾದ ಹಿಡಿಕೆಯೇ. ಇವೆಲ್ಲ ಒಂದೇ ಬಗೆಯವಲ್ಲ ಎಂಬುದನ್ನು ಹೇಳಲೇಬೇಕು. ಕೆಲವಕ್ಕೆ ಮೋಟಾರಿದೆ, ಇನ್ನು ಕೆಲವನ್ನು ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಎದ್ದುಕೊಳ್ಳುತ್ತದೆ. ಒತ್ತಿ ಎಬ್ಬಿಸುವಂಥದ್ದು ಮೋಟಾರಿನದಕ್ಕಿಂತ ವಾಸಿ, ಒಪ್ಪುತ್ತೇನೆ. ಆದರೆ ರಾತ್ರಿ, ಮಳೆ, ಕೈಗೆ ರಕ್ತ ಮೆತ್ತಿದೆ, ಎಲ್ಲಿ ಒತ್ತಬೇಕೆಂದು ಗೊತ್ತಿಲ್ಲದವನು ಎದುರು ನಿಂತಿದ್ದಾನೆ. ಆಗ ಅದೂ ಒಂದು ಒಗಟೇ. ವರ್ಷಗಟ್ಟಲೆ ಮಗ್ಗದ ಮುಂದೆ ಕೂತು ಬೆರಳು ಬಿಗಿದುಕೊಂಡಿರುವ ದೊಡ್ಡಬಳ್ಳಾಪುರದ ಹಿರಿಯರಿಗೆ ಹೆಬ್ಬೆರಳಲ್ಲಿ ಒತ್ತಿ ಉಳಿದ ಬೆರಳಲ್ಲಿ ಎಳೆಯುವುದು ದಿನನಿತ್ಯವೂ ಕಷ್ಟವೇ.

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಈ ವಿಷಯದಲ್ಲಿ ಮಾತಾಡುವ ವಿಶೇಷ ಹಕ್ಕಿದೆ. ರಾಜಧಾನಿಯಿಂದ ಹೊರಡುವ ದೊಡ್ಡ ಹೆದ್ದಾರಿಗಳಲ್ಲಿ ಹೆಚ್ಚಿನವು ನೆಲಮಂಗಲ, ದೇವನಹಳ್ಳಿ, ಹೊಸಕೋಟೆಗಳನ್ನು ಸೀಳಿಕೊಂಡೇ ಹೋಗುತ್ತವೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತಿ ಹೊಸಕೋಟೆಗೆ ಹೊಸ ವರ್ತುಲ ರಸ್ತೆ ಬಂದಿದೆ. ಹೊಸಕೋಟೆಯಿಂದ ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಸುಮಾರು 70 ಕಿ.ಮೀ. 2024ರ ಕೊನೆಯಲ್ಲೇ ಓಡಾಟಕ್ಕೆ ತೆರೆದುಕೊಂಡಿತು. ಈ ರಸ್ತೆಗಳಲ್ಲಿ ಏನಾದರೂ ಆದರೆ ಮೊದಲು ಓಡಿಬರುವವರು ಅಕ್ಕಪಕ್ಕದ ಹಳ್ಳಿಯವರು. 108 ಆಂಬುಲೆನ್ಸ್ ಬರುವುದು ಆಮೇಲೆ.

2016ರ ಫೆಬ್ರುವರಿ 16ರಂದು ನೆಲಮಂಗಲದ ಬಳಿ ಲಾರಿಯ ಚಕ್ರಕ್ಕೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ನಂಜಪ್ಪ, ಸಾಯುವ ಮುನ್ನ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದು ಕೇಳಿಕೊಂಡದ್ದು ನಾಡಿಗೆಲ್ಲ ಗೊತ್ತು. ಸುತ್ತ ನಿಂತವರು ನೆರವಿಗೆ ಬಾರದೆ ನೋಡುತ್ತಿದ್ದರು, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು ಎಂಬ ನೋವು ಆಗ ಎಲ್ಲರನ್ನೂ ಕಾಡಿತು. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡಿಸುವ ಯೋಜನೆಗೆ ರಾಜ್ಯ ಸರ್ಕಾರ ಅವರ ಹೆಸರನ್ನೇ ಇಟ್ಟಿತು: ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ. ನೆರವಿಗೆ ಬಂದವರನ್ನು ಪೊಲೀಸರೂ ಆಸ್ಪತ್ರೆಯವರೂ ಸತಾಯಿಸಬಾರದು ಎಂದು ಸುಪ್ರೀಂ ಕೋರ್ಟ್ ಆ ವರ್ಷವೇ ಹೇಳಿತು. ಅಂಥವರನ್ನು ರಕ್ಷಿಸುವ ಕಾಯ್ದೆಯನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯ ಕರ್ನಾಟಕ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅದೇ ಉದ್ದೇಶದ 134ಎ ಕಲಮು ಸೇರಿತು. ಗಾಯಾಳುವನ್ನು ಸಕಾಲಕ್ಕೆ ಆಸ್ಪತ್ರೆಗೆ ಮುಟ್ಟಿಸಿದವರಿಗೆ ಈಗ ಕೇಂದ್ರ ಸರ್ಕಾರ ₹25,000 ಬಹುಮಾನವನ್ನೂ ಕೊಡುತ್ತದೆ.

ಇಷ್ಟು ವರ್ಷ ಸರ್ಕಾರ, ಕೋರ್ಟು, ಪತ್ರಿಕೆಗಳು ಸೇರಿ ಜನರಿಗೆ ಹೇಳಿದ್ದು ಒಂದೇ ಮಾತು: ನಿಂತು ನೋಡಬೇಡಿ, ಹೋಗಿ ಕೈ ಹಾಕಿ. ಜನ ಕೈ ಹಾಕಲು ಬಂದಾಗ ಬಾಗಿಲಲ್ಲಿ ಹಿಡಿಕೆಯೇ ಇಲ್ಲವೆಂದರೆ ಅದು ಆ ಕಾಯ್ದೆಗಳಿಗೂ, ನೆಲಮಂಗಲದಲ್ಲಿ ಸತ್ತ ಆ ಹುಡುಗನಿಗೂ ಮಾಡುವ ಅವಮಾನ.

ಕಂಪನಿಗಳ ವಾದವನ್ನೂ ನೋಡೋಣ. ಗಾಳಿಯ ತಡೆ ಕಡಿಮೆಯಾಗಿ ಬ್ಯಾಟರಿ ಹೆಚ್ಚು ದೂರ ಬರುತ್ತದೆ ಎಂಬುದು ಮೊದಲನೆಯದು. ಗಾಳಿಯ ತಡೆಯಲ್ಲಿ ಹಿಡಿಕೆಯ ಪಾಲು ತೀರಾ ಸಣ್ಣದು. ಚಕ್ರ, ಕನ್ನಡಿ, ಕಾರಿನ ಹಿಂಭಾಗದ ಆಕಾರ ಇವುಗಳದೇ ದೊಡ್ಡ ಪಾಲು. ಅದೂ ವೇಗದ ವರ್ಗಕ್ಕೆ ತಕ್ಕಂತೆ ಏರುವ ತಡೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ತೆವಳುವ ಕಾರಿಗೆ ಅದರಿಂದ ಆಗುವ ಲಾಭ ಲೆಕ್ಕಕ್ಕೇ ಇಲ್ಲ. ಹೆಚ್ಚು ಹೇಳುವುದೇಕೆ, ಟಾಟಾ ನೆಕ್ಸಾನ್ ವಿದ್ಯುತ್ ಕಾರು ಮಾಮೂಲಿ ಹಿಡಿಕೆ ಇಟ್ಟುಕೊಂಡೇ ದೇಶದ ತುಂಬ ಓಡುತ್ತಿದೆ. ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಹೊಸಕೋಟೆಗೆ ಬನ್ನಿ. 1998ರಿಂದ ಟ್ರಕ್ ತಯಾರಾಗುತ್ತಿದ್ದ ಅಲ್ಲಿನ ವೋಲ್ವೊ ಕಾರ್ಖಾನೆಯಲ್ಲಿ 2017ರಿಂದ ಕಾರುಗಳ ಜೋಡಣೆಯೂ ಶುರುವಾಯಿತು. 2022ರಲ್ಲಿ ಅಲ್ಲಿಂದ ಹೊರಬಂದ ಎಕ್ಸ್‌ಸಿ40 ರೀಚಾರ್ಜ್ ಪೂರ್ತಿ ವಿದ್ಯುತ್ ಕಾರು, ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜಿಗೆ 400 ಕಿ.ಮೀ. ಮೀರಿ ಓಡುವಂಥದ್ದು. ಅದರ ಹಿಡಿಕೆ ಎಲ್ಲರಿಗೂ ಕಾಣುವಂತೆ ಹೊರಗೇ ಇದೆ. ಮೂರು ಬಿಂದುವಿನ ಸೀಟ್ ಬೆಲ್ಟನ್ನು 1959ರಲ್ಲಿ ತಂದು, ಬೇರೆ ಕಂಪನಿಗಳೂ ಬಳಸಲಿ ಎಂದು ಪೇಟೆಂಟನ್ನು ಬಿಟ್ಟುಕೊಟ್ಟದ್ದು ಇದೇ ವೋಲ್ವೊ ಹೆಸರಿನ ಕಂಪನಿ. ಜೀವ ಉಳಿಸುವ ವಿಷಯದಲ್ಲಿ ಕಂಪನಿಗಳು ಹೀಗೂ ನಡೆದುಕೊಂಡಿವೆ.

ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ. ಏರ್‌ಬ್ಯಾಗ್ ತೆರೆದಾಗ ಬೀಗ ತಾನಾಗಿ ಬಿಡುತ್ತದೆ, ಹಿಡಿಕೆ ತಾನಾಗಿ ಹೊರಬರುತ್ತದೆ, ಇಲ್ಲವಾದರೆ ಒಳಗಿನಿಂದ ತೆರೆಯಲು ಯಾಂತ್ರಿಕ ವ್ಯವಸ್ಥೆ ಇದೆ ಎನ್ನುತ್ತಾರೆ. ಬೀಗ ತಾನಾಗಿ ಬಿಡುವುದು ಒಳ್ಳೆಯದೇ, ಹಳೆಯ ಹಿಡಿಕೆಗೂ ಅದು ಬೇಕು. ಆದರೆ ಡಿಕ್ಕಿಯ ಕ್ಷಣದಲ್ಲೇ ವೈರು ತುಂಡಾದರೆ ಆ ಸಂದೇಶ ಹಿಡಿಕೆಯ ಮೋಟಾರನ್ನು ತಲುಪುವುದು ಹೇಗೆ? ಒಳಗಿನ ವ್ಯವಸ್ಥೆಯಾದರೋ ಕೆಲವು ಕಾರುಗಳಲ್ಲಿ ಬಾಗಿಲ ಜೇಬಿನ ಚಾಪೆಯ ಅಡಿಯಲ್ಲಿ, ಮುಚ್ಚಳದ ಹಿಂದೆ ಅಡಗಿದೆ. ಹೊಗೆ ತುಂಬಿದ ಕಾರಿನಲ್ಲಿ, ಹಿಂದಿನ ಸೀಟಿನ ಅಜ್ಜಿಯೋ ಮಗುವೋ ಅದನ್ನು ಹುಡುಕಬೇಕೆ?

ಬೆಂಕಿ ಬಿದ್ದ ವಾಹನದಲ್ಲಿ ಬಾಗಿಲು ತೆರೆಯದಿದ್ದರೆ ಏನಾಗುತ್ತದೆಂದು ನಾವು ಕಂಡವರು. 2013ರ ಅಕ್ಟೋಬರ್ 30ರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಪಾಲೆಂ ಬಳಿ ಉರಿದು 45 ಜನ ಸತ್ತರು. ಸುಮಾರು ಎರಡು ವಾರದ ಬಳಿಕ ಹಾವೇರಿ ಬಳಿ ಇನ್ನೊಂದು ಬಸ್ಸಿನಲ್ಲಿ ಏಳು ಜನ. ತುರ್ತು ಬಾಗಿಲಿಲ್ಲದ ಬಸ್ಸುಗಳನ್ನು ಸಾರಿಗೆ ಇಲಾಖೆ ಹುಡುಕಿ ಹಿಡಿಯಲು ಹೊರಟದ್ದು ಅಷ್ಟು ಹೆಣ ಬಿದ್ದ ಮೇಲೆ. 2025ರ ಅಕ್ಟೋಬರ್ 24ರಂದು ಕರ್ನೂಲು ಬಳಿ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಮತ್ತೆ ಉರಿಯಿತು. ಬಸ್ಸಿಗೂ ಕಾರಿಗೂ ವ್ಯತ್ಯಾಸವಿದೆ, ಆ ಬಸ್ಸುಗಳಲ್ಲಿ ಇಂಥ ಹಿಡಿಕೆ ಇರಲಿಲ್ಲ. ಆದರೂ ಬಸ್ಸಿನ ಬಾಗಿಲ ವಿಷಯದಲ್ಲಿ ತಡವಾಗಿ ಎಚ್ಚೆತ್ತವರು ಕಾರಿನ ಬಾಗಿಲಿಗೂ ಅಷ್ಟೇ ತಡ ಮಾಡಬೇಕೆ?

ತತ್ತ್ವವನ್ನಂತೂ ಕೇಂದ್ರ ಸರ್ಕಾರ ಎಂದೋ ಒಪ್ಪಿಕೊಂಡಿದೆ. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಸೆಂಟ್ರಲ್ ಲಾಕ್ ಕೆಟ್ಟರೂ ಕೈಯಿಂದ ತೆರೆಯಲು ಆಗಬೇಕೆಂಬ ನಿಯಮ ಬಂತು. ಒಳಗಿದ್ದವನು ಕರೆಂಟಿಗೆ ಒತ್ತೆಯಾಳಾಗಬಾರದು ಎಂದಾದರೆ, ಹೊರಗಿನಿಂದ ಅವನನ್ನು ಎಳೆಯಲು ಬಂದವನಿಗೂ ಅದೇ ನ್ಯಾಯ ಸಲ್ಲಬೇಕು. ವಾಹನ ಹೇಗಿರಬೇಕೆಂದು ನಿಯಮ ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 110ನೇ ಕಲಮಿನಲ್ಲಿ ಕೇಂದ್ರಕ್ಕಿದೆ. ದೋಷವಿರುವ ವಾಹನಗಳನ್ನು ವಾಪಸು ಕರೆಸುವ ಅಧಿಕಾರ 110ಎ ಕಲಮಿನಲ್ಲಿದೆ. ಪ್ರತಿ ಬಾಗಿಲಿಗೂ ಹೊರಗೆ ಯಾಂತ್ರಿಕ ಹಿಡಿಕೆ, ನಾಲ್ಕು ಬೆರಳು ಹಿಡಿಸುವ ಜಾಗ, ನಿಗದಿಯಾದ ದಿನಾಂಕ: ಒಂದು ಅಧಿಸೂಚನೆಗೆ ಇಷ್ಟು ಸಾಕು. ಕಾರುಗಳ ಡಿಕ್ಕಿ ಪರೀಕ್ಷೆ ನಡೆಸುವ ಭಾರತ್ ಎನ್‌ಕ್ಯಾಪ್ ಸುರಕ್ಷತೆಯ ನಕ್ಷತ್ರಗಳನ್ನು ಹಂಚುವಾಗ, ಡಿಕ್ಕಿಯ ನಂತರ ಸಣ್ಣ ಬ್ಯಾಟರಿಯ ಸಂಪರ್ಕ ತಪ್ಪಿಸಿ ಹೊರಗಿನಿಂದ ಬಾಗಿಲು ತೆರೆಯುತ್ತದೆಯೇ ಎಂದು ನೋಡಬೇಕು. ತೆರೆಯದ ಕಾರಿಗೆ ಐದು ನಕ್ಷತ್ರ ಸಲ್ಲದು.

ರಾಜ್ಯ ಸರ್ಕಾರವೂ ಕೈ ಕಟ್ಟಿ ಕೂರಬೇಕಾಗಿಲ್ಲ. ತನ್ನ ಇಲಾಖೆಗಳಿಗೆ ಇಂಥ ಹಿಡಿಕೆಯ ಕಾರು ಕೊಳ್ಳುವುದಿಲ್ಲ ಎಂದು ಅದು ನಾಳೆಯೇ ತೀರ್ಮಾನಿಸಬಹುದು. ಅಗ್ನಿಶಾಮಕ ಠಾಣೆಗಳಿಗೂ 108ರ ಸಿಬ್ಬಂದಿಗೂ ಯಾವ ಕಾರಿನ ಬಾಗಿಲನ್ನು ಹೇಗೆ ತೆರೆಯಬೇಕೆಂಬ ತರಬೇತಿ ಕೊಡಿಸಬಹುದು, ಅದರ ಖರ್ಚನ್ನು ಕಂಪನಿಗಳಿಂದಲೇ ವಸೂಲು ಮಾಡಬಹುದು. ಇದಕ್ಕೆ ಅವಸರವೂ ಇದೆ. ಚೀನಾದಲ್ಲಿ ಮಾರಲಾಗದ ವಿನ್ಯಾಸಗಳಿಗೆ ಬೇರೆ ಮಾರುಕಟ್ಟೆ ಬೇಕಾಗುತ್ತದೆ. ನಿಯಮವಿಲ್ಲದ ದೇಶವೇ ಆ ಮಾರುಕಟ್ಟೆ.

ಅಧಿಸೂಚನೆ ಬರುವವರೆಗೆ ಕೊಳ್ಳುವವರ ಕೈಯಲ್ಲೂ ಸ್ವಲ್ಪ ಬಲವಿದೆ. ಶೋರೂಮಿಗೆ ಹೋದಾಗ ಬಣ್ಣ, ಸನ್‌ರೂಫ್, ಸ್ಕ್ರೀನು ಇವನ್ನೆಲ್ಲ ನೋಡುವ ಮುನ್ನ ಒಂದು ಮಾತು ಕೇಳಿ: 12 ವೋಲ್ಟಿನ ಬ್ಯಾಟರಿಯ ತಂತಿ ಕಳಚಿ, ಬೀಗ ಹಾಕದ ಹಿಂದಿನ ಬಾಗಿಲನ್ನು ಹೊರಗಿನಿಂದ ತೆರೆದು ತೋರಿಸಿ. ತೋರಿಸದಿದ್ದರೆ ಆ ಕಾರು ಕೊಳ್ಳಬೇಡಿ.